ಮಾಳಮಡ್ಡಿಯ ಹಾಜರಿ

ಈ ಸಲ ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣುತ್ತಿಲ್ಲ. ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಎಷ್ಟು ದಿನವಾದರೂ ಹಸಿಹಸಿ. ನನ್ನ ಅವ್ವನಿಗೆ ಅದಕ್ಕೆ ಗೊತ್ತಿರುವುದು ಒಂದೇ ಮದ್ದು, ಇಸ್ತ್ರಿ ಪೆಟ್ಟಿಗೆ. ಕಳೆದ ಭಾನುವಾರ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಹಸಿ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿ ಕೂತಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಹಬೆ, ಅರ್ಧ ಸುಟ್ಟ ನೂಲು, ಅದು ಮೂಗಿಗೆ ಬಡಿದದ್ದೇ ತಡ, ಸೋಸುವ ಕೈ ಅಲ್ಲೇ ನಿಂತಿತು. ಹೊರಗೆ ಬಂದು ನೋಡಿದೆ. ಅವ್ವ ತಲೆ ಎತ್ತದೆಯೇ, "ನಿನಗೂ ಬಂತೇನು ವಾಸನಿ?" ಎಂದಳು. ಹೂಂ ಎಂದೆ. ಅವಳು ಇಸ್ತ್ರಿ ಮುಂದುವರಿಸಿದಳು.

ಅದು ಮೂರು ವರ್ಷದ ಹಿಂದಿನ ಮಳೆಗಾಲದ ವಾಸನೆ. ಆಗ ಅವ್ವ ತಿರುವನಂತಪುರದ ಮನೆಯಲ್ಲಿ ಅಪ್ಪನ ಹಳೆಯ ಧೋತರ ಹರಿದು, ಅಂಗೈಗಿಂತ ತುಸು ದೊಡ್ಡ ತುಂಡುಗಳನ್ನು ಮಾಡಿ, ಲಾಡಿ ಹೊಲಿದು, ಅವನ ಕುತ್ತಿಗೆಗೆ ಕಟ್ಟುತ್ತಿದ್ದಳು. ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಉಸಿರಾಡಲು ಕುತ್ತಿಗೆಯ ಬುಡದಲ್ಲಿ ಒಂದು ತೂತು. ಅದಕ್ಕೆ ಧೂಳು ಹೋಗಬಾರದು, ನೀರಂತೂ ಹೋಗಲೇಬಾರದು. ಆ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಬೇಕು, ತೊಳೆದದ್ದು ಒಣಗುವುದಿಲ್ಲ. ಹಾಗಾಗಿ ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಇಸ್ತ್ರಿ ಆರಿದ್ದೇ ಇಲ್ಲ.

ಅಪ್ಪ ಧಾರವಾಡದ ಮಾಳಮಡ್ಡಿಯವನು. ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಕೆಲಸಕ್ಕೆಂದು ಬಂದವನು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದ. ಅವನ ದನಿ ಎಂದರೆ ದನಿ! ಕೇಂದ್ರದಲ್ಲಿ ಎಂಜಿನ್ ಪರೀಕ್ಷೆ ಇದ್ದ ದಿನ ಧ್ವನಿವರ್ಧಕದಲ್ಲಿ ಹತ್ತರಿಂದ ಸೊನ್ನೆಗೆ ಎಣಿಸಲು ಅವನನ್ನೇ ನಿಲ್ಲಿಸುತ್ತಿದ್ದರಂತೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೈಕು ಕೆಟ್ಟರೆ ಯಾರಿಗೂ ಗಾಬರಿಯಿಲ್ಲ, ಅಪ್ಪ ಇದ್ದನಲ್ಲ. ಅವ್ವ ಹೇಳುತ್ತಿದ್ದಳು, "ಇವರು ಫೋನಿನ್ಯಾಗ ಮಾತಾಡಿದ್ರ ಧಾರವಾಡಕ್ಕ ಫೋನ್ ಇಲ್ದs ಕೇಳಸ್ತದ."

ಆದರೆ ಅಪ್ಪನಿಗೆ ಕೂತು ಮಾತಾಡಲು ಬರುತ್ತಿರಲಿಲ್ಲ, ನಡೆಯಬೇಕಿತ್ತು. ನಾನು ಚಿಕ್ಕವಳಿದ್ದಾಗಿನಿಂದ ಸಂಜೆ ಶಂಖುಮುಖದ ಕಡಲ ದಂಡೆಯಲ್ಲಿ ಅವನು ಮುಂದೆ, ಕೈ ಹಿಂದೆ ಕಟ್ಟಿಕೊಂಡು. ನಾನು ಹಿಂದೆ, ಕಡಲೆ ತಿನ್ನುತ್ತಾ. ಅವನ ಧಾರವಾಡದ ಕನ್ನಡಕ್ಕೆ ನಾನು ಇಲ್ಲಿ ಹುಟ್ಟಿದ ಎಲ್ಲ ಮಕ್ಕಳಂತೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ನಮ್ಮಿಬ್ಬರ ನಡುವೆ ಮುಖ್ಯವಾದದ್ದೆಲ್ಲ ಆ ಮರಳಿನ ಮೇಲೆಯೇ ತೀರ್ಮಾನವಾದದ್ದು. ಬ್ಯಾಂಕಿನ ಕೆಲಸ ಸಿಕ್ಕಿ ನಾನು ಕೊಚ್ಚಿಗೆ ಬಂದ ಮೇಲೆ ಫೋನ್ ಮಾಡುತ್ತಿದ್ದ. ಮೊದಲ ಮಾತು ಯಾವಾಗಲೂ ಒಂದೇ: "ಎಲ್ಲಿ ಅದೀ?" ಬ್ಯಾಂಕಿನ ಫೋನಿಗೇ ಮಾಡಿ ಹೀಗೆ ಕೇಳಿದರೆ ಏನು ಹೇಳುವುದು? "ಬ್ಯಾಂಕಿನ ಫೋನ್ ಎತ್ತಿದವಳು ಬ್ಯಾಂಕಿನಲ್ಲಲ್ಲದೆ ಇನ್ನೆಲ್ಲಿರ್ತಾಳೆ?" ಎಂದು ರೇಗಿದರೆ ಆ ಕಡೆಯಿಂದ ಗಹಗಹ ನಗು.

ಇನ್ನು ನನ್ನ ಚಟದ ವಿಷಯ. ನಾನು ಆನ್‌ಲೈನ್ ಆಟದವಳು. ಊರೂರಿನ ಸಾವಿರಾರು ಜನ ಒಟ್ಟಿಗೆ ಒಂದು ಕಲ್ಪಿತ ಲೋಕಕ್ಕೆ ಇಳಿದು, ತಲೆಗೊಂದು ಪಾತ್ರ ಕಟ್ಟಿಕೊಂಡು, ವರ್ಷಗಟ್ಟಲೆ ಅದೇ ಪಾತ್ರವನ್ನು ಬೆಳೆಸುವ ಆಟ. ಶಾಲೆಯಲ್ಲಿದ್ದಾಗ ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಶುರುವಾಯಿತು. ಅವ್ವ ಧಾರವಾಡಕ್ಕೆಂದು ರಿಸೀವರ್ ಎತ್ತಿದರೆ ಸಂಪರ್ಕ ಕಡಿದು ನನ್ನ ಯೋಧೆ ಕಾಡುಹಂದಿಯೆದುರು ಕಲ್ಲಾಗಿ ನಿಂತು ಸಾಯುತ್ತಿದ್ದಳು. ಆ ಆಟ ಮುಚ್ಚಿತು, ಇನ್ನೊಂದು ಬಂತು. ಕಾಲೇಜಿನಲ್ಲಿ ಅದೂ ಮುಗಿಯಿತು. ಕೊಚ್ಚಿಯಲ್ಲಿ ಒಬ್ಬಳೇ ಕೋಣೆ ಮಾಡಿಕೊಂಡಿದ್ದಾಗ ಹಿಡಿದ ಮೂರನೆಯದು ಬಹಳ ಕಾಲ ಬಾಳಿತು. ಅದರ ಹೆಸರು ಈಗ ಹೇಳಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಅಲ್ಲಿನ ಸಂತೆಬೀದಿಯಲ್ಲಿ ಯಾರೋ ಅಚ್ಚ ಮಲಯಾಳದಲ್ಲಿ ಬೈದರು, ನಾನು ನಕ್ಕೆ. ಹಾಗೆ ಪರಿಚಯವಾದವರು ಬೀನಾ ಚೇಚಿ, ಎಂದರೆ ಬೀನಾ ಅಕ್ಕ. ಕೊಚ್ಚಿಯದೇ ಮಟ್ಟಾಂಚೇರಿಯಲ್ಲಿ ಗೋದಾಮುಗಳ ಸಾಲಿನಲ್ಲಿ ಮೆಣಸು, ಶುಂಠಿಯ ಸಣ್ಣ ಅಂಗಡಿ ಅವರದು, ಮೊಮ್ಮಗಳಿದ್ದಾಳೆ, ಆಟದಲ್ಲಿ ಮಾತ್ರ ಆಳೆತ್ತರದ ಗುರಾಣಿ ಹಿಡಿದ ಯೋಧ. ನಮ್ಮ ಗಿಲ್ಡಿಗೆ, ಎಂದರೆ ಆಟದೊಳಗಿನ ತಂಡಕ್ಕೆ, ಅವರೇ ಯಜಮಾನಿ. ಇನ್ನೊಬ್ಬ ಸಜಿ, ತಿರುವನಂತಪುರದ ಹತ್ತಿರದ ವಿಳಿಂಜಂ ಬಂದರಿನಲ್ಲಿ ಕೆಲಸ ಮಾಡುವವನು, ಬಿಲ್ಲುಗಾರ. ಬಾಯಿ ಮುಚ್ಚಿದ್ದನ್ನು ನಾನು ಕೇಳಿಲ್ಲ. ಉಳಿದವರು ಬರುತ್ತಿದ್ದರು, ಹೋಗುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ನಾನು ರಜೆ ಹಾಕಿ ತಿರುವನಂತಪುರಕ್ಕೆ ಹೋದೆ. ಆಸ್ಪತ್ರೆಯಿಂದ ಬರುವಾಗ ಒಂದು ಯಂತ್ರ ಕೊಟ್ಟು ಕಳಿಸಿದರು, ನೋಡಲು ಸಣ್ಣ ಟಾರ್ಚಿನ ಹಾಗೆ. ಅದನ್ನು ಕುತ್ತಿಗೆಗೆ ಒತ್ತಿಹಿಡಿದು ಗುಂಡಿ ಅದುಮಿ ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಆದರೆ ಏರಿಳಿತವಿಲ್ಲ, ಗುಂಯ್ ಎನ್ನುವ ಒಂದೇ ಶ್ರುತಿ. ಅಪ್ಪ ಅದನ್ನು ಒಂದೇ ಸಲ ಕುತ್ತಿಗೆಗೆ ಹಿಡಿದ. ಪಕ್ಕದ ಮನೆಯ ಮಗು ಅಂಗಳದಲ್ಲಿತ್ತು, ಕೇಳಿ ಬೆಚ್ಚಿಬಿದ್ದು ಅಳುತ್ತಾ ಓಡಿತು. ಅಪ್ಪ ಯಂತ್ರವನ್ನು ಡಬ್ಬಿಗೆ ಹಾಕಿ ಕಪಾಟಿನಲ್ಲಿ ಬನಿಯನ್ನುಗಳ ಹಿಂದೆ ಇಟ್ಟುಬಿಟ್ಟ. ಪಾಟಿ ತೆಗೆದುಕೊಂಡು ಸೀಮೆಸುಣ್ಣದಲ್ಲಿ ಬರೆದ: "ಹಿಟ್ಟಿನ ಗಿರಣಿ ಮಾತಾಡಿದಂಗ ಕೇಳಸ್ತದ. ನನಗ ಬ್ಯಾಡ."

ಅಂದಿನಿಂದ ಪಾಟಿಯೇ. ನಡಿಗೆಯೂ ನಿಂತಿತು. ದಂಡೆಯ ಗಾಳಿಯಲ್ಲಿ ಮರಳು ಹಾರುತ್ತದೆ ಎಂಬುದು ಒಂದು ನೆಪ; ಜನ ಕುತ್ತಿಗೆ ನೋಡುತ್ತಾರೆ ಎಂಬುದು ನಿಜವಾದ ಕಾರಣ. ಸಂಘದವರು ಬಂದರೆ ಒಳಗಿನ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದ. ಫೋನಿನಲ್ಲಿ ಮೆಸೇಜು ಮಾಡು ಅಪ್ಪಾ ಎಂದರೆ ಪಾಟಿಯ ಮೇಲೆ, "ಅದರಾಗ ಏನ್ ಮಾತಾಡ್ಲಿಕ್ಕೆ ಬರ್ತದ? ಬರೇ ಊಟ ಆತೇನು, ಹೂಂ ಆತು." ಊರನ್ನೇ ಮಾತಾಡಿಸುತ್ತಿದ್ದ ಮನುಷ್ಯ ಹೀಗೆ ತನ್ನೊಳಗೇ ಇಳಿದು ಮುಚ್ಚಿಕೊಳ್ಳುವುದನ್ನು ನೋಡುತ್ತಾ ನನಗೆ ಭಯವಾಯಿತು. ರೋಗಕ್ಕಿಂತ ಮೊದಲು ಈ ಮೌನವೇ ಅವನನ್ನು ತೆಗೆದುಕೊಂಡು ಹೋಗುತ್ತದೆ ಅನ್ನಿಸಿತು.

ರಜೆಯ ಸಂಜೆಗಳಲ್ಲಿ ನಾನು ಮನೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದೆ. ಅಪ್ಪ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಪಾಟಿ ಆಗಾಗ ನನ್ನ ಭುಜದ ಮೇಲಿನಿಂದ ಮುಂದೆ ಬರುತ್ತಿತ್ತು. "ಈ ಊರಾಗ ಸೂರ್ಯ ಉತ್ತರಕ್ಕ ಮುಳಗ್ಲಿಕತ್ತಾನ. ಯಾರು ಮಾಡ್ಯಾರ ಇದನ್ನ?" ಇನ್ನೊಮ್ಮೆ, "ಆ ಸೇತುವಿ ಅಷ್ಟು ಭಾರ ತಡಿಯೂದಿಲ್ಲ." ಒಂದು ದಿನ ಪಾಟಿಯಲ್ಲಿ ಇಷ್ಟೇ ಇತ್ತು: "ನನಗೊಂದು."

ಪಾತ್ರ ಆರಿಸುವಾಗ ಅವನು ಬಹಳ ಹೊತ್ತು ನೋಡಿದ. ಸುಂದರ ರಾಜಕುಮಾರರಿದ್ದರು, ಗಡ್ಡದ ಮಾಂತ್ರಿಕರಿದ್ದರು. ಎಲ್ಲ ಬಿಟ್ಟು ಒಬ್ಬ ಕಲ್ಲುಮನುಷ್ಯನ ಮೇಲೆ ಬೆರಳಿಟ್ಟ. ಬಂಡೆಯಂಥ ಮೈ, ಅದರ ಮೇಲೆ ನೇರ ತಲೆ. ಯಾಕೆ ಇವನೇ ಎಂದೆ. ಅಪ್ಪ ಬರೆದ: "ಇವಗ ಕುತ್ತಿಗೀನs ಇಲ್ಲ. ಆಪರೇಷನ್ ತಪ್ಪಿತು." ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಪ್ಪ ನಗುತ್ತಿದ್ದ. ಸಪ್ಪಳವಿಲ್ಲದೆ ಭುಜ ಮಾತ್ರ ಕುಲುಕುತ್ತಿತ್ತು. ಹೆಸರು ಏನಿಡೋಣ ಎಂದರೆ ಯೋಚಿಸಲೇ ಇಲ್ಲ. ಮಾಳಮಡ್ಡಿ.

ಮಳೆ ಶುರುವಾಗುವ ಹೊತ್ತಿಗೆ ನಾನು ಕೊಚ್ಚಿಗೆ ಮರಳಿದೆ. ಸಂಜೆ ಬ್ಯಾಂಕಿನಿಂದ ಒದ್ದೆಯಾಗಿ ಬಂದು, ಚಹಾ ಕಾಯಿಸಿಕೊಂಡು ಆಟಕ್ಕೆ ಇಳಿದರೆ ಊರಬಾಗಿಲಲ್ಲಿ ಮಾಳಮಡ್ಡಿ ಕಾಯುತ್ತಾ ನಿಂತಿರುತ್ತಿದ್ದ. ಆಟದಲ್ಲಿ ನಡೆಯುವುದಕ್ಕೂ ಟೈಪ್ ಮಾಡುವುದಕ್ಕೂ ಅದೇ ಕೀಲಿಗಳು. ಎರಡನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ. ಅದಕ್ಕೊಂದು ಉಪಾಯವಿದೆ. ಇನ್ನೊಬ್ಬರ ಮೇಲೆ ಗುರುತಿಟ್ಟು ಹಿಂಬಾಲಿಸು ಎಂದು ಆಜ್ಞೆ ಕೊಟ್ಟರೆ ನಿಮ್ಮ ಪಾತ್ರ ತಾನಾಗಿಯೇ ಅವರ ಬೆನ್ನಿಗೆ ನಡೆಯುತ್ತದೆ, ನಿಮ್ಮ ಕೈ ಬಿಡುವಾಗಿರುತ್ತದೆ. ಅಪ್ಪ ನನ್ನ ಮೇಲೆ ಗುರುತಿಡುತ್ತಿದ್ದ. ಈಗ ನಾನು ಮುಂದೆ, ಅವನು ಹಿಂದೆ. ಆ ಲೋಕದ ಕಡಲದಂಡೆಯುದ್ದಕ್ಕೂ ನಡೆಯುತ್ತಿದ್ದೆವು, ಅವನ ಮಾತು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಸಾಲುಸಾಲಾಗಿ ಪರದೆಯ ಮೂಲೆಯಲ್ಲಿ ಏರುತ್ತಿತ್ತು. ತನ್ನ ಅಪ್ಪನ ಬಗ್ಗೆ, ಕೈಕೊಟ್ಟ ಒಂದು ಎಂಜಿನ್ ಪರೀಕ್ಷೆಯ ಬಗ್ಗೆ, ಆಸ್ಪತ್ರೆಯಲ್ಲಿ ಕಂಡ ಕನಸಿನ ಬಗ್ಗೆ. ಒಂದು ಸಂಜೆ ಬರೆದ, "ಭಾಳ ಹೆದರಿಕಿ ಆಗ್ತದ ಸುಮೀ. ಅವ್ವಗ ಹೇಳಬ್ಯಾಡ." ನಾನು ನಡೆಯುತ್ತಲೇ ಇದ್ದೆ, ನಿಂತರೆ ಅವನ ಮಾತು ನಿಲ್ಲುತ್ತದೆಂದು. ನಿಂತು ಉತ್ತರ ಬರೆಯಲೇಬೇಕಾದಾಗ ನನ್ನ ಬೆರಳಿನಿಂದಲೂ ಧಾರವಾಡದ ಕನ್ನಡವೇ ಬರತೊಡಗಿತು. ನನಗೇ ಆಶ್ಚರ್ಯ.

ಭಾನುವಾರ ಮಧ್ಯಾಹ್ನ ಗಿಲ್ಡು ಸೇರುತ್ತಿತ್ತು. ಆ ದಿನ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಯಿಮಾತಿನಲ್ಲೇ ವ್ಯವಹಾರ. ಆ ಮಾತಿನ ಕಾರ್ಯಕ್ರಮ ಆಟದಿಂದ ಬೇರೆಯದು, ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು. ಬೀನಾ ಚೇಚಿಯದು ಒಂದು ಪದ್ಧತಿ ಇತ್ತು: ಯಾವ ಗುಹೆಗೆ ಹೋಗುವ ಮುಂಚೆಯೂ ಶಾಲೆಯ ಟೀಚರಿನ ಹಾಗೆ ಹಾಜರಿ ಕರೆಯುವುದು. ಹೆಸರು ಕರೆದವರು "ಉಂಡ್" ಎನ್ನಬೇಕು, ಇದ್ದೇನೆ ಎಂದು. ಯಾರನ್ನೂ ಹಿಂದೆ ಬಿಟ್ಟು ಹೋಗಬಾರದು ಎಂಬ ಹಟ ಅವರದು. ಮಾಳಮಡ್ಡಿಗೆ ಮೈಕಿಲ್ಲ ಎಂದು ನಾನು ಒಂದು ಸುಳ್ಳು ಹೇಳಿಟ್ಟಿದ್ದೆ. ಹೆಸರು ಬಂದಾಗ ಕಲ್ಲುಮನುಷ್ಯ ನಿಂತಲ್ಲೇ ಒಂದು ಸಲ ಜಿಗಿಯುತ್ತಿದ್ದ. "ಆ, ಅಂಕಲ್ ಬಂದಿದ್ದಾರೆ," ಎಂದು ಚೇಚಿ ಮುಂದೆ ಹೋಗುತ್ತಿದ್ದರು.

ತಿರುವನಂತಪುರದ ಮನೆಯಲ್ಲಿ ಅವ್ವ ಒಂದು ಕೆಲಸ ಮಾಡುತ್ತಿದ್ದಳು, ಅದು ನನಗೆ ಆಮೇಲೆ ತಿಳಿಯಿತು. ಕಪಾಟಿನಿಂದ ಯಂತ್ರ ತೆಗೆದು ಚಾರ್ಜಿಗೆ ಹಾಕಿ, ಭಾನುವಾರ ಅಪ್ಪ ಆಡಲು ಕೂರುವ ಮುಂಚೆ ಕೀಲಿಮಣೆಯ ಪಕ್ಕ ಇಡುತ್ತಿದ್ದಳಂತೆ, ಚಷ್ಮಾ ಇಟ್ಟಂತೆ. ಏನೂ ಹೇಳುತ್ತಿರಲಿಲ್ಲ. ಅಪ್ಪ ಅದನ್ನು ಆಚೆ ಸರಿಸುತ್ತಿದ್ದ. ಮುಂದಿನ ಭಾನುವಾರ ಮತ್ತೆ ಇಡುತ್ತಿದ್ದಳು.

ಆಷಾಢದ ಮಳೆ ಜೋರಾಗಿ ಹೊಡೆಯುತ್ತಿದ್ದ ಒಂದು ಭಾನುವಾರ ನಾವು ಗುಹೆಯ ಕೊನೆಯ ಅಂಕಣ ತಲುಪಿದ್ದೆವು. ಎದುರಿಗೆ ದೊಡ್ಡ ಮೃಗ, ಅದರ ಮುಂದೆ ಚೇಚಿಯ ಗುರಾಣಿ. ಪಕ್ಕದಲ್ಲಿ ಸಜಿಯ ಬಾಣ. ನನ್ನದು ಎಲ್ಲರ ಗಾಯ ಮಾಯಿಸುವ ಪಾತ್ರ. ಅಪ್ಪನನ್ನು ಬಾಗಿಲ ಬಳಿ ಕಾವಲಿಗೆ ನಿಲ್ಲಿಸಿದ್ದೆವು. ಎಲ್ಲರ ಕಣ್ಣೂ ಮುಂದೆಯೇ ಇರುವಾಗ ಹಿಂದಿನ ಕತ್ತಲಿನಿಂದ ಮೃಗಗಳ ಒಂದು ಹಿಂಡು ನುಗ್ಗಿತ್ತು. ಅಪ್ಪ ಟೈಪ್ ಮಾಡಿದನಂತೆ, ಯಾರೂ ನೋಡಲಿಲ್ಲ. ಜಿಗಿದನಂತೆ, ಅದನ್ನೂ ನೋಡಲಿಲ್ಲ.

ಆಗ ಕಿವಿಯಲ್ಲಿ ಗುಂಯ್ ಎಂದಿತು.

"ಹಿಂದ! ಹಿಂದ ನೋಡ್ರಿ!"

"ಪಿನ್ನಿಲ್! ಎಲ್ಲರೂ ಹಿಂದಕ್ಕೆ ತಿರುಗಿ!" ಎಂದು ಮಲಯಾಳದಲ್ಲಿ ಕಿರುಚಿದೆ. ತಿರುಗಿದರು. ಹೇಗೋ ಹೋರಾಡಿ ಬದುಕಿದೆವು, ಗೆದ್ದೆವು ಕೂಡ. ಆದರೆ ನನಗೆ ಆಟದ ಮೇಲೆ ಗಮನವೇ ಇರಲಿಲ್ಲ. ಈಗ ಯಾರು ಏನು ಕೇಳುತ್ತಾರೋ, ಅಪ್ಪ ಮತ್ತೆ ಡಬ್ಬಿ ಮುಚ್ಚಿಬಿಡುತ್ತಾನೋ ಎಂಬುದೊಂದೇ ಯೋಚನೆ.

ಮೊದಲು ಬಾಯಿ ಬಿಟ್ಟವನು ಸಜಿ. ಬಿಡದೆ ಇರುತ್ತಾನೆಯೇ! "ಅಂಕಲ್! ಅಡಿಪೊಳಿ, ಭರ್ಜರಿ ವಾಯ್ಸ್ ಚೇಂಜರ್! ಯಾವ ಆ್ಯಪ್ ಅದು? ನನಗೂ ಲಿಂಕ್ ಕಳಿಸಿ!"

ಆಟದವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಹಳ ಜನ ಮಾತಾಡುವಾಗ ದನಿ ಬದಲಿಸುವ ಆ್ಯಪ್ ಹಾಕಿಕೊಳ್ಳುತ್ತಾರೆ. ಒಬ್ಬ ರಾಕ್ಷಸನಾಗುತ್ತಾನೆ, ಇನ್ನೊಬ್ಬ ಎಳೆಮಗು. ನಾವು ಅದಕ್ಕೆ ಒಗ್ಗಿದವರು. ಬಂಡೆಯಂಥ ಮೈಯಿಂದ ಆ ಗುಂಯ್‌ಗುಡುವ ದನಿ ಹೊರಟಾಗ ಸಜಿಗೆ ಕಾಯಿಲೆಯ ಯೋಚನೆಯೇ ಬರಲಿಲ್ಲ. ಇಷ್ಟು ದಿನ ಹುಡುಕಿ ಸರಿಯಾದ ದನಿ ತಂದಿದ್ದಾರೆ ಎಂದುಕೊಂಡ. ಚೇಚಿಯೂ, "ಸತ್ಯ, ಕಲ್ಲು ಮಾತಾಡಿದರೆ ಹೀಗೇ ಇರುತ್ತದೆ," ಎಂದರು.

ನಾನು ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನಗೊಬ್ಬಳಿಗೇ ಕಾಣುವ ಸಾಲು ಮೂಡಿತು: "ಹೇಳಬ್ಯಾಡ."

ಮತ್ತೆ ಗುಂಯ್ ಎಂದಿತು. ಅಪ್ಪ ತನ್ನ ಧಾರವಾಡದ ಮಲಯಾಳದಲ್ಲಿ, ಮಗನೇ ಎಂದು ಕರೆದು, ಒಂದೊಂದೇ ಪದ ಬಿಡಿಸಿ ಹೇಳಿದ: "ಆ್ಯಪ್ ಅಲ್ಲ ಮೋನೇ. ಕಲ್ಲುಮನುಷ್ಯನ ಅಸಲಿ ದನಿಯೇ ಇದು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಮೈಕು ಆರಿಸಿ ಅತ್ತೆ.

ಅಂದು ಸಂಜೆ ಅವ್ವ ಫೋನ್ ಮಾಡಿದಳು. ಪಿಸುದನಿ. "ಸುಮೀ, ಮಾತಾಡ್ಯಾರವಾ. ಅಡಗಿ ಮನಿಯಿಂದ ಕೇಳಿಸಿಕೊಂಡೆ." ಆಮೇಲೆ, "ನನ್ನ ಕೂಡ ಇನ್ನೂ ಪಾಟೀನs. ಆ ರಾಕ್ಷಸರ ಕೂಡ ಮಾತಾಡ್ತಾರ, ಕಟಗೊಂಡಾಕಿ ಕೂಡ ಇಲ್ಲ. ಇರ್ಲಿ. ಎಲ್ಲೋ ಒಂದು ಕಡೆ ಮಾತಾಡ್ಲಿ," ಎಂದಳು.

ಮುಂದಿನ ವಾರಗಳಲ್ಲಿ ಅಪ್ಪ ಭಾನುವಾರದ ರಾಜನಾದ. ಚೇಚಿ ಹಾಜರಿ ಕರೆದಾಗ ಜಿಗಿಯುವುದು ಬಿಟ್ಟು, "ಅದೀನಿ," ಎನ್ನತೊಡಗಿದ. ನಮ್ಮ ಧಾರವಾಡದ ಕಡೆ ಇದ್ದೇನೆ ಎನ್ನುವುದು ಹಾಗೆ. ಸಜಿಗೆ ಅದೆಷ್ಟು ಹಿಡಿಸಿತೆಂದರೆ ಅವನೂ ಉಂಡ್ ಬಿಟ್ಟು "ಅದೀನಿ" ಶುರುಮಾಡಿದ, ನೋಡನೋಡುತ್ತಾ ಇಡೀ ಗಿಲ್ಡಿಗೆ ಅದೇ ಅಂಟಿತು. ವಿಳಿಂಜಂನಲ್ಲಿ ಹೊಸ ಕ್ರೇನು ಬಂದ ಕಥೆ ಸಜಿ ಹೇಳಿದರೆ, ಎಂಜಿನ್ ಪರೀಕ್ಷೆಯ ಕಥೆ ಅಪ್ಪ ಹೇಳುತ್ತಿದ್ದ, ಧ್ವನಿವರ್ಧಕದಲ್ಲಿ ಎಣಿಸುತ್ತಿದ್ದ ಕಥೆ. ಆದರೆ ಹೆಡ್‌ಫೋನ್ ತೆಗೆದಿಟ್ಟ ಮೇಲೆ ಯಂತ್ರವನ್ನೂ ತೆಗೆದಿಡುತ್ತಿದ್ದ. ಮನೆಯಲ್ಲಿ ಪಾಟಿ, ಹೊರಗೆ ಹೋಗುವುದೇ ಇಲ್ಲ. ಕುತ್ತಿಗೆ ಇಲ್ಲದವನ ಹಿಂದೆ ನಿಂತಾಗ ಮಾತ್ರ ಅವನಿಗೆ ದನಿ ಇತ್ತು.

ಅಷ್ಟರಲ್ಲಿ ಆ ಸುದ್ದಿ ಬಂತು. ಆಡುವವರು ಕಡಿಮೆಯಾಗಿದ್ದಾರೆ, ಕಂಪನಿ ಆಟವನ್ನು ಮುಚ್ಚುತ್ತಿದೆ. ಸರ್ವರುಗಳನ್ನು, ಎಂದರೆ ಆ ಲೋಕವನ್ನು ಎಲ್ಲೋ ದೂರದಲ್ಲಿ ನಡೆಸುತ್ತಿರುವ ಯಂತ್ರಗಳನ್ನು, ಓಣಂಗೆ ಮುಂಚೆ ಆರಿಸುತ್ತಾರೆ. ನನಗೆ ಇಂಥದ್ದು ಹೊಸದಲ್ಲ, ಎರಡು ಲೋಕ ಮುಳುಗಿದ್ದು ನೋಡಿದವಳು. ಆದರೂ ಈ ಸಲ ಪರದೆಯ ಮುಂದೆ ಕೂತು ಕಂಪನಿಗೆ ಬಾಯಿಗೆ ಬಂದಂತೆ ಬೈದೆ. ಮುಳುಗುತ್ತಿದ್ದದ್ದು ಆಟವಲ್ಲ, ಅಪ್ಪನ ಬಾಯಿ. ಅವನು ಏನು ಮಾಡಿಯಾನು? ಯಂತ್ರ ಮತ್ತೆ ಬನಿಯನ್ನುಗಳ ಹಿಂದಕ್ಕೇ ಹೋಗುತ್ತದಲ್ಲ? ಆ ಸಂಜೆ ದಂಡೆಯಲ್ಲಿ ನಡೆಯುವಾಗ ಕೇಳಿದೆ. ಅವನು ಬರೆದ, "ಟೆಸ್ಟ್ ಮುಗದ ಮ್ಯಾಲೆ ಎಂಜಿನ್ ಬಂದ್ ಮಾಡಲೇಬೇಕಲ್ಲ." ಅಷ್ಟೇ. ಆಮೇಲೆ ಬಹಳ ದೂರ ಏನೂ ಬರೆಯದೆ ನನ್ನ ಹಿಂದೆ ಬಂದ.

ಕೊನೆಯ ದಿನವೂ ಭಾನುವಾರವೇ. ಕಂಪನಿಯ ಊರಿನಲ್ಲಿ ಯಾವ ಹೊತ್ತೋ, ನಮಗೆ ಮಾತ್ರ ಮಳೆ ತುಸು ಬಿಡುವು ಕೊಟ್ಟ ಮಧ್ಯಾಹ್ನ. ಗುಹೆ ಬೇಡ, ಕಾದಾಟ ಬೇಡ ಎಂದರು ಚೇಚಿ. ಎಲ್ಲರೂ ದಂಡೆಗೆ ಹೋಗಿ ಸಾಲಾಗಿ ಕೂತೆವು. ಎಷ್ಟೋ ಕಾಲದಿಂದ ಬಾರದವರೂ ಬಂದಿದ್ದರು. ಸಜಿ ಕೂಡ ಸುಮ್ಮನಿದ್ದ. ಚೇಚಿ ಹಾಜರಿ ಕರೆದರು. ಒಬ್ಬೊಬ್ಬರಾಗಿ ಅದೀನಿ, ಅದೀನಿ. ಪರದೆಯ ಮೇಲ್ಗಡೆ ಕೆಂಪು ಅಂಕಿಗಳು ಇಳಿಯುತ್ತಿದ್ದವು. ಕೊನೆಗೆ ಬಂದಾಗ ಸಜಿ, "ಅಂಕಲ್, ನೀವೇ ಎಣಿಸಬೇಕು," ಎಂದ.

ಕಲ್ಲುಮನುಷ್ಯ ಎದ್ದು ನಿಂತ. "ಹತ್ತು," ಎಂದಿತು ಆ ಯಂತ್ರದ ದನಿ, ಕನ್ನಡದಲ್ಲಿ. "ಒಂಬತ್ತು." ಅವಸರವಿಲ್ಲ, ನಡುಕವಿಲ್ಲ. ಕೇಂದ್ರದಲ್ಲಿ ಹೀಗೇ ಹೇಳುತ್ತಿದ್ದನೇನೋ. ನಾನು ಕಡಲನ್ನು ನೋಡುತ್ತಿದ್ದೆ. ಉತ್ತರಕ್ಕೆ ಮುಳುಗುವ ಆ ಸೂರ್ಯ ನೀರಿನ ಮೇಲೆಯೇ ಇದ್ದ. "ಎರಡು. ಒಂದು. ಸೊನ್ನೆ."

ಕಡಲು ಹೋಯಿತು. ಮಾಳಮಡ್ಡಿ ಹೋದ, ನಾನು ಹೋದೆ. ಬೂದುಬಣ್ಣದ ಪರದೆ, ಅದರ ಮೇಲೆ ಸಂಪರ್ಕ ತಪ್ಪಿದೆ ಎಂಬ ಒಂದು ಸಾಲು. ಕಿವಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎಲ್ಲವೂ ಒಟ್ಟಿಗೇ ಹೋಯಿತು ಎಂದುಕೊಂಡು ಹೆಡ್‌ಫೋನ್ ತೆಗೆಯಲು ಕೈ ಎತ್ತಿದೆ.

ಗುಂಯ್ ಎಂದಿತು. "ಯಾರರೆ ಅದೀರೇನು?"

ಮಾತಿನ ಕಾರ್ಯಕ್ರಮ ಬೇರೆಯದಲ್ಲವೇ, ಅದು ಹೋಗಿರಲಿಲ್ಲ. ದುಃಖದಲ್ಲಿ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಬೀನಾ ಚೇಚಿ ಮೂಗು ಸೊರ್ ಎನಿಸಿದ್ದು ಕೇಳಿಸಿತು. ಆಮೇಲೆ ಅವರು ಮತ್ತೊಮ್ಮೆ ಮೊದಲಿನಿಂದ ಹಾಜರಿ ಕರೆದರು. ಊರಿಲ್ಲ, ಕಡಲಿಲ್ಲ, ಗುರಾಣಿಯಿಲ್ಲ. ಹೆಸರು ಬಂದ ಹಾಗೆ ಎಲ್ಲರೂ ಅದೀನಿ ಎಂದೆವು. ಅಪ್ಪನೂ ಎಂದ. ಈಗ ಅವನ ಮುಂದೆ ಯಾವ ಕಲ್ಲಿನ ಮೈಯೂ ಇರಲಿಲ್ಲ.

ವಿದಾಯ ಹೇಳಿ ಒಬ್ಬೊಬ್ಬರೇ ಹೊರಡುತ್ತಿದ್ದರು. ಅಪ್ಪ ಮೈಕು ಆರಿಸುವುದನ್ನು ಮರೆತಿದ್ದ. ಕುರ್ಚಿ ಸರಿದ ಸದ್ದು, ಚಪ್ಪಲಿಯ ಸದ್ದು. ಆಮೇಲೆ ಸ್ವಲ್ಪ ದೂರದಿಂದ ಆ ಗುಂಯ್ ದನಿ:

"ಏ, ಚಹಾ ಮಾಡ್ತೀಯೇನು?"

ಏನೋ ಪಾತ್ರೆ ಬಿದ್ದ ಸದ್ದು. ಆಮೇಲೆ ಅವ್ವ, "ಮಾಡ್ತೀನ್ರೀ," ಎಂದಳು.

ಮರುದಿನ ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ಜನ ತುಂಬಿದ್ದಾಗ ಫೋನ್ ಬಂತು. ಎತ್ತಿದೆ. "ಎಲ್ಲಿ ಅದೀ?" ಎಂದಿತು. ಪಕ್ಕದ ಸಹೋದ್ಯೋಗಿ ತಿರುಗಿ ನೋಡಿದಳು. "ಬ್ಯಾಂಕಿನ ಫೋನ್ ಎತ್ತಿದವಳು..." ಎಂದು ಶುರುಮಾಡಿದೆ, ಮುಗಿಸಲಾಗಲಿಲ್ಲ. ಅಪ್ಪ ಕಾದ. ಆಮೇಲೆ, "ಆ ಮಂದೀನ್ನ ಓಣಂಕ್ಕ ಮನಿಗೆ ಊಟಕ್ಕ ಕರಿ. ಹೋಳಿಗಿ ಮಾಡಸ್ತೀನಿ," ಎಂದ.

ಬಂದರು. ಮಟ್ಟಾಂಚೇರಿಯಿಂದ ಬೀನಾ ಚೇಚಿ ಏಲಕ್ಕಿ ಪೊಟ್ಟಣ ಹಿಡಿದು ನನ್ನ ಜೊತೆ ರೈಲಿನಲ್ಲಿ, ವಿಳಿಂಜಂನಿಂದ ಸಜಿ ಬೈಕಿನಲ್ಲಿ. ಅಪ್ಪನೇ ಬಾಗಿಲು ತೆರೆದ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಕುತ್ತಿಗೆಯಲ್ಲಿ. ಯಂತ್ರವನ್ನು ಎತ್ತಿ ಒತ್ತಿಹಿಡಿದು, "ಬರ್ರಿ ಬರ್ರಿ," ಎಂದ. ಸಜಿ ಆ ಯಂತ್ರವನ್ನೇ ನೋಡಿದ. ಕೈಯಲ್ಲಿನ ಹೆಲ್ಮೆಟ್ ಎಲ್ಲಿಡಬೇಕೋ ತಿಳಿಯದೆ, "ಅಂಕಲ್, ನಾನು ಆವತ್ತು... ಆ್ಯಪ್ ಅಂತ..." ಎಂದು ತೊದಲಿದ.

ಅಪ್ಪ ಅವನ ಭುಜ ಹಿಡಿದು ಒಳಗೆ ಎಳೆದ. "ಲಿಂಕ್ ಕೇಳಿದ್ದೆಯಲ್ಲೋ," ಎಂದ ಮಲಯಾಳದಲ್ಲಿ. "ಇದು ಡೌನ್‌ಲೋಡ್ ಆಗೋದಿಲ್ಲ ಮೋನೇ." ಅವನ ಭುಜ ಕುಲುಕುತ್ತಿತ್ತು. ಸಜಿ ನಗಲೂ ಆಗದೆ ಅಳಲೂ ಆಗದೆ ಅವನನ್ನು ತಬ್ಬಿಕೊಂಡ. ಊಟದ ನಂತರ ನಾವೆಲ್ಲ ಶಂಖುಮುಖಕ್ಕೆ ಹೋದೆವು. ಅಪ್ಪ ಮುಂದೆ ನಡೆದ.

ಮುಂದಿನ ವರ್ಷ ಬೇಸಿಗೆಯಲ್ಲಿ ಕಾಯಿಲೆ ಮರಳಿತು, ಈ ಸಲ ಶ್ವಾಸಕೋಶಕ್ಕೆ. ಭಾನುವಾರದ ಹಾಜರಿ ನಿಂತಿರಲಿಲ್ಲ. ಆಟವಿಲ್ಲದಿದ್ದರೂ ಆ ಹೊತ್ತಿಗೆ ಎಲ್ಲರೂ ಸೇರಿ ಹೆಸರು ಕರೆಸಿಕೊಂಡು, ಸ್ವಲ್ಪ ಹರಟೆ ಹೊಡೆದು ಹೋಗುತ್ತಿದ್ದೆವು. ಆಸ್ಪತ್ರೆಯ ಹಾಸಿಗೆಯಿಂದಲೂ ಅಪ್ಪ ಅದೀನಿ ಎಂದಿದ್ದಾನೆ. ಕೊನೆಕೊನೆಗೆ ಯಂತ್ರ ಎತ್ತಲು ಕೈಯಲ್ಲಿ ಶಕ್ತಿ ಇರಲಿಲ್ಲ, ಅವ್ವ ಅದನ್ನು ಅವನ ಕುತ್ತಿಗೆಗೆ ಹಿಡಿಯುತ್ತಿದ್ದಳು. ಮಳೆ ಬರುವ ಮುಂಚೆ ಹೋದ.

ಅವ್ವ ಈಗ ನನ್ನ ಜೊತೆ ಎಡಪ್ಪಳ್ಳಿಯಲ್ಲಿದ್ದಾಳೆ. ಹಾಜರಿ ಈಗಲೂ ನಡೆಯುತ್ತದೆ. ಬೀನಾ ಚೇಚಿ ಮಾಳಮಡ್ಡಿಯ ಹೆಸರು ಬಿಟ್ಟಿಲ್ಲ. ಕರೆಯುತ್ತಾರೆ, ತುಸು ಕಾಯುತ್ತಾರೆ, ಯಾರೂ ಮಾತಾಡುವುದಿಲ್ಲ, ಮುಂದಿನ ಹೆಸರಿಗೆ ಹೋಗುತ್ತಾರೆ. ಬಿಟ್ಟುಬಿಡಿ ಚೇಚಿ ಎಂದು ನಾನೂ ಹೇಳಿಲ್ಲ, ನನಗೆ ಬಾಯಿ ಬಂದಿಲ್ಲ.

ಕಳೆದ ಭಾನುವಾರ ಚಹಾ ಲೋಟ ಹಿಡಿದು ಕೂತು ಲ್ಯಾಪ್‌ಟಾಪ್ ತೆರೆದೆ. ಹೆಡ್‌ಫೋನ್ ಹಾಕಿರಲಿಲ್ಲ. ಕೋಣೆ ತುಂಬ ಆ ಹಸಿ ಬಟ್ಟೆಯ ವಾಸನೆ. ಚೇಚಿ ಕರೆಯುತ್ತಾ ಬಂದರು. ಸಜಿ ಅದೀನಿ ಎಂದ.

"ಮಾಳಮಡ್ಡಿ," ಎಂದರು ಚೇಚಿ.

ಎಂದಿನ ಮೌನ. ಅವ್ವ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡು ಬಂದು ನನ್ನ ಭುಜದ ಮೇಲಿನಿಂದ ಪರದೆಯ ಕಡೆ ಬಾಗಿದಳು.

"ಅದಾರ," ಎಂದಳು.

ಚೇಚಿ ಮುಂದಿನ ಹೆಸರು ಕರೆದರು. ಅದು ನನ್ನದು.